ನಸೀಬು ಮತ್ತು ಕಸುಬು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಆಡುಮಾತಿನಲ್ಲಿ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುವ ಎರಡು ಮಾತುಗಳಿವೆ. ಒಂದು ನಸೀಬು, ಇನ್ನೊಂದು ಕಸುಬು. ಮಳೆ ಕೈಕೊಟ್ಟರೆ, ಸಂತೆಯಲ್ಲಿ ಶೇಂಗಾದ ದರ ಬಿದ್ದರೆ, ಮಗಳಿಗೆ ಒಳ್ಳೆಯ ಮನೆ ಸಿಕ್ಕರೆ ಅದು ನಸೀಬು. ಕಿನ್ನಾಳದ ಚಿತ್ರಗಾರರ ಬಣ್ಣದ ಗೊಂಬೆ, ಭಾಗ್ಯನಗರದ ನೇಕಾರರ ಮಗ್ಗ, ಇವು ಕಸುಬು. ಆಡುವವರು ಲಿಂಗಾಯತರಿರಲಿ, ಕುರುಬರಿರಲಿ, ಮುಸ್ಲಿಮರಿರಲಿ, ಮಾತು ಮಾತ್ರ ಒಂದೇ.

ಈ ಎರಡೂ ಅರಬ್ಬಿ ಮೂಲದ ಪದಗಳು. ಪಾರಸಿ ಮತ್ತು ದಖನಿಗಳ ದಾರಿ ಹಿಡಿದು ಕನ್ನಡಕ್ಕೆ ಬಂದವು. ಅರಬ್ಬಿಯಲ್ಲಿ ‘ನಸೀಬ್’ ಎಂದರೆ ಪಾಲು, ಒಬ್ಬನಿಗೆ ಹಂಚಿಕೆಯಾಗಿ ಬಂದದ್ದು. ಅದರ ಜೊತೆಗಾರ ಪದವಾದ ‘ಕಿಸ್ಮತ್ತು’ ಎಂಬುದಕ್ಕೂ ಹಂಚುವುದು ಎಂದೇ ಮೂಲಾರ್ಥ. ಸಂಸ್ಕೃತದ ‘ಭಾಗ್ಯ’ವೂ ಭಾಗದಿಂದ ಹುಟ್ಟಿದ್ದು, ಪಾಲಿಗೆ ಬಂದದ್ದು ಪಂಚಾಮೃತ ಎಂಬ ಕನ್ನಡ ಗಾದೆಯಲ್ಲೂ ಅದೇ ಕಲ್ಪನೆ ಇದೆ. ಇನ್ನು ‘ಕಸ್ಬ್’ ಎಂದರೆ ಗಳಿಕೆ, ಮನುಷ್ಯ ತಾನಾಗಿ ಸಂಪಾದಿಸಿಕೊಂಡದ್ದು. ಹೀಗೆ ಒಂದು ಪದ ನಮಗೆ ಬಂದದ್ದನ್ನು ಹೇಳುತ್ತದೆ, ಇನ್ನೊಂದು ನಾವು ಮಾಡಿದ್ದನ್ನು ಹೇಳುತ್ತದೆ.

ಬಂದದ್ದು ಎಲ್ಲಿಗೆ ಮುಗಿಯುತ್ತದೆ, ಮಾಡಿದ್ದು ಎಲ್ಲಿಂದ ಶುರುವಾಗುತ್ತದೆ? ಇಸ್ಲಾಮಿನ ಚಿಂತಕರು ಮೊದಲ ಮುನ್ನೂರು ವರ್ಷ ಬಿಡದೆ ಚರ್ಚಿಸಿದ ಪ್ರಶ್ನೆಗಳಲ್ಲಿ ಇದು ಮುಖ್ಯವಾದದ್ದು. ಎಲ್ಲವೂ ದೇವರ ಇಚ್ಛೆಯಂತೆ ನಡೆಯುವುದಾದರೆ ಮನುಷ್ಯನ ತಪ್ಪಿಗೆ ಮನುಷ್ಯನನ್ನು ಶಿಕ್ಷಿಸುವುದು ನ್ಯಾಯವೇ? ಮನುಷ್ಯ ತನ್ನಿಷ್ಟದಂತೆ ನಡೆಯಬಲ್ಲನಾದರೆ ದೇವರು ಸರ್ವಶಕ್ತನಾಗುವುದು ಹೇಗೆ? ಮುಸ್ಲಿಮರೆಂದರೆ ಎಲ್ಲವನ್ನೂ ವಿಧಿಗೆ ಬಿಟ್ಟು ಕೂರುವವರು ಎಂದು ವಸಾಹತು ಕಾಲದ ಪಾಶ್ಚಾತ್ಯ ಲೇಖಕರು ಅನೇಕರು ಬರೆದರು. ಆ ಮಾತು ಎಷ್ಟು ಅರೆಬರೆಯದು ಎಂಬುದು ಈ ಚರ್ಚೆಯ ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ.

ವಿಧಿಯಿಂದ ವಿಧಿಯ ಕಡೆಗೆ

ಕುರ್‌ಆನಿನಲ್ಲಿ ಎರಡೂ ಬಗೆಯ ಮಾತುಗಳಿವೆ. ದೇವರು ಇಚ್ಛಿಸದ ಹೊರತು ಮನುಷ್ಯರು ಇಚ್ಛಿಸಲಾರರು ಎಂಬ ಅರ್ಥದ ವಾಕ್ಯಗಳು ಒಂದು ಕಡೆ. ನಂಬುವವರು ನಂಬಲಿ, ಒಲ್ಲದವರು ಬಿಡಲಿ ಎಂಬ ಅರ್ಥದವು ಇನ್ನೊಂದು ಕಡೆ. ಪ್ರತಿಯೊಂದು ಜೀವಕ್ಕೂ ಅದು ಗಳಿಸಿದ್ದೇ ಸಲ್ಲುತ್ತದೆ ಎನ್ನುವಾಗ ಬಳಸಿರುವುದು ಇದೇ ‘ಕಸ್ಬ್’ ಧಾತುವನ್ನು. ಪ್ರವಾದಿ ಮುಹಮ್ಮದರ ಮಾತುಗಳ ಸಂಗ್ರಹವಾದ ಹದೀಸಿನಲ್ಲಿ, ತಾಯಿಯ ಗರ್ಭದಲ್ಲಿರುವಾಗಲೇ ದೇವದೂತನೊಬ್ಬ ಬಂದು ಮಗುವಿನ ಅನ್ನ, ಆಯುಷ್ಯ, ನಡತೆ, ಸುಖದುಃಖಗಳನ್ನು ಬರೆಯುತ್ತಾನೆಂಬ ಉಲ್ಲೇಖವಿದೆ. ಹುಟ್ಟಿದ ಕೆಲವೇ ದಿನಕ್ಕೆ ಸಟವಿ ಬಂದು ಹಣೆಬರಹ ಬರೆಯುತ್ತಾಳೆಂದು ನಂಬುವ ಉತ್ತರ ಕರ್ನಾಟಕದ ತಾಯಂದಿರಿಗೆ ಇದು ಅಪರಿಚಿತ ಕಲ್ಪನೆಯೇನೂ ಅಲ್ಲ. ಅದೇ ಹದೀಸಿನ ಪರಂಪರೆಯಲ್ಲಿ, ಒಂಟೆಯನ್ನು ಬಿಟ್ಟು ದೇವರ ಮೇಲೆ ಭಾರ ಹಾಕಲೇ ಎಂದು ಕೇಳಿದವನಿಗೆ ಮೊದಲು ಒಂಟೆಯನ್ನು ಕಟ್ಟು, ಆಮೇಲೆ ಭಾರ ಹಾಕು ಎಂದು ಪ್ರವಾದಿಗಳು ಹೇಳಿದ ಪ್ರಸಂಗವೂ ಇದೆ.

ಎರಡನೆಯ ಖಲೀಫರಾದ ಉಮರರ ಕಾಲದ ಒಂದು ಘಟನೆ ಈ ಗಂಟನ್ನು ಚೆನ್ನಾಗಿ ತೋರಿಸುತ್ತದೆ. ಕ್ರಿ.ಶ. 639ರ ಸುಮಾರಿಗೆ ಅವರು ಸಿರಿಯಾಕ್ಕೆ ಹೊರಟಿದ್ದಾಗ, ಅಲ್ಲಿ ಸಾಂಕ್ರಾಮಿಕ ಪಿಡುಗು ಹರಡಿದೆ ಎಂಬ ಸುದ್ದಿ ದಾರಿಯಲ್ಲಿ ಬಂತು. ಉಮರರು ಜೊತೆಗಿದ್ದವರೊಡನೆ ಸಮಾಲೋಚಿಸಿ ಹಿಂತಿರುಗಲು ನಿರ್ಧರಿಸಿದರು. ಸೇನಾನಿ ಅಬೂ ಉಬೈದಾ ಆಕ್ಷೇಪಿಸಿದರು: ದೇವರ ವಿಧಿಯಿಂದ ಓಡಿಹೋಗುವಿರಾ? ಉಮರರ ಉತ್ತರ ಹೌದು ಎಂದೇ ಇತ್ತು. ದೇವರ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಓಡುತ್ತಿದ್ದೇವೆ ಎಂದರು. ಅದಕ್ಕೊಂದು ಉದಾಹರಣೆಯನ್ನೂ ಕೊಟ್ಟರು. ಒಂಟೆ ಮೇಯಿಸುವವನು ಕಣಿವೆಯೊಂದಕ್ಕೆ ಇಳಿದಿದ್ದಾನೆ. ಒಂದು ಪಕ್ಕ ಹಸಿರು, ಇನ್ನೊಂದು ಪಕ್ಕ ಬರಡು. ಹಸಿರಿನಲ್ಲಿ ಮೇಯಿಸಿದರೂ ದೇವರ ವಿಧಿಯೇ, ಬರಡಿನಲ್ಲಿ ಮೇಯಿಸಿದರೂ ದೇವರ ವಿಧಿಯೇ. ಆದರೆ ಯಾವ ಕಡೆ ಹೊಡೆದುಕೊಂಡು ಹೋಗಬೇಕೆಂಬುದು ಮೇಯಿಸುವವನ ಕೆಲಸ. ಕುಷ್ಟಗಿ, ಯಲಬುರ್ಗಾದ ಮಸಾರಿ ನೆಲದಲ್ಲಿ ಕುರಿ ಕಾಯ್ದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೂಫಾದ ಅರಮನೆಯಲ್ಲಿ

ವಿಧಿಯ ಪ್ರಶ್ನೆ ಪಂಡಿತರ ಜಗಲಿಯಿಂದ ಇಳಿದು ರಾಜಕೀಯದ ಪ್ರಶ್ನೆಯಾದದ್ದು ಕರ್ಬಲಾದ ತರುವಾಯ. ಕ್ರಿ.ಶ. 680ರ ಅಕ್ಟೋಬರ್ 10ರಂದು, ಅಂದರೆ ಹಿಜರಿ 61ರ ಮೊಹರಂ ಹತ್ತರಂದು, ಇಂದಿನ ಇರಾಕಿನ ಕರ್ಬಲಾ ಬಯಲಿನಲ್ಲಿ ಪ್ರವಾದಿಗಳ ಮೊಮ್ಮಗ ಹುಸೇನರೂ ಅವರ ಬೆರಳೆಣಿಕೆಯ ಸಂಗಡಿಗರೂ ಉಮಯ್ಯಾ ದೊರೆ ಯಜೀದನ ಸೈನ್ಯದಿಂದ ಹತರಾದರು. ಉಳಿದ ಹೆಂಗಸರು, ಮಕ್ಕಳನ್ನು ಸೆರೆಹಿಡಿದು ಕೂಫಾ ಪಟ್ಟಣದ ಅರಮನೆಗೆ ತರಲಾಯಿತು. ಅಲ್ಲಿ ರಾಜ್ಯಪಾಲನಾಗಿದ್ದವನು ಇಬ್ನ್ ಜಿಯಾದ್.

ಒಂಬತ್ತು, ಹತ್ತನೆಯ ಶತಮಾನದ ಇತಿಹಾಸಕಾರ ತಬರಿ ಅಲ್ಲಿ ನಡೆದ ಒಂದು ಸಂವಾದವನ್ನು ದಾಖಲಿಸಿದ್ದಾನೆ. ಹುಸೇನರ ಮಕ್ಕಳಲ್ಲಿ ಬದುಕುಳಿದಿದ್ದ ಅಲಿ ಎಂಬ ರೋಗಪೀಡಿತ ಯುವಕನ ಹೆಸರು ಕೇಳಿದ ರಾಜ್ಯಪಾಲ, ಹುಸೇನನ ಮಗ ಅಲಿಯನ್ನು ದೇವರು ಕೊಂದನಲ್ಲವೇ ಎಂದ. ಅದಕ್ಕೆ ಯುವಕ, ನನಗೆ ಅಲಿ ಎಂಬ ಹೆಸರಿನ ಅಣ್ಣನಿದ್ದ, ಅವನನ್ನು ಜನ ಕೊಂದರು ಎಂದ. ಇಲ್ಲ, ದೇವರೇ ಕೊಂದದ್ದು ಎಂದು ರಾಜ್ಯಪಾಲ ಮತ್ತೆ ಹೇಳಿದ. ಸಾವಿನ ವೇಳೆಗೆ ಜೀವವನ್ನು ಕರೆದುಕೊಳ್ಳುವವನು ದೇವರು ಎಂಬ ಕುರ್‌ಆನಿನ ಮಾತನ್ನು ಯುವಕ ನೆನಪಿಸಿದ. ಸಾವು ದೇವರ ಕೈಯಲ್ಲಿದೆ, ಕೊಲೆ ಮಾತ್ರ ಕೊಂದವನದು ಎಂಬುದು ಆ ಉತ್ತರದ ತಾತ್ಪರ್ಯ.

ಈ ಪುಟ್ಟ ಸಂವಾದದಲ್ಲಿ ಮುಂದಿನ ಎಲ್ಲ ವಾದಗಳ ಬೀಜವಿದೆ. ಆಳುವವನು ತನ್ನ ಕೃತ್ಯವನ್ನು ದೇವರ ಹೆಸರಿಗೆ ಬರೆಯುತ್ತಾನೆ. ಸೋತವನು ಅದನ್ನು ಮರಳಿ ಮನುಷ್ಯನ ಲೆಕ್ಕಕ್ಕೆ ಹಾಕುತ್ತಾನೆ. ಅದೇ ಕರ್ಬಲಾದಲ್ಲಿ ಇನ್ನೊಂದು ಘಟನೆಯೂ ನಡೆದಿತ್ತು. ಹುಸೇನರ ದಾರಿಯನ್ನು ಅಡ್ಡಗಟ್ಟಿ ನಿಲ್ಲಿಸಿದ್ದ ದಳಪತಿ ಹುರ್ ಎಂಬವನು ಹತ್ತನೆಯ ದಿನದ ಬೆಳಿಗ್ಗೆ ಮನಸ್ಸು ಬದಲಾಯಿಸಿ, ಕುದುರೆ ತಿರುಗಿಸಿಕೊಂಡು ಹುಸೇನರ ಪಕ್ಷ ಸೇರಿ, ಅಂದೇ ಮಡಿದ. ಒಂದೇ ಸೈನ್ಯ, ಒಂದೇ ಬೆಳಗು, ಒಂದೇ ಆಜ್ಞೆ. ಸಾವಿರಾರು ಜನ ಒಂದು ಕಡೆ ನಿಂತರು, ಒಬ್ಬ ಇನ್ನೊಂದು ಕಡೆಗೆ ನಡೆದ. ಎಲ್ಲವೂ ಮೊದಲೇ ಬರೆದಿಟ್ಟದ್ದು ಎನ್ನುವವರಿಗೆ ಹುರ್ ಯಾವಾಗಲೂ ತೊಡಕಿನ ಪ್ರಶ್ನೆಯೇ.

ಡಮಾಸ್ಕಸ್ಸಿನಿಂದ 661ರಿಂದ 750ರವರೆಗೆ ಆಳಿದ ಉಮಯ್ಯಾ ದೊರೆಗಳಿಗೆ ವಿಧಿವಾದ ಅನುಕೂಲದ ಸಿದ್ಧಾಂತವಾಗಿತ್ತು. ದೊರೆತನ ತಮಗೆ ಬಂದದ್ದು ದೇವರ ನಿರ್ಣಯವಾದರೆ ಅದನ್ನು ಪ್ರಶ್ನಿಸುವವನು ದೇವರನ್ನೇ ಪ್ರಶ್ನಿಸಿದಂತೆ. ಇದಕ್ಕೆ ಎದುರಾಗಿ ಬಸ್ರಾ ಪಟ್ಟಣದಲ್ಲಿ ಮಅಬದ್ ಅಲ್ ಜುಹನಿ ಎಂಬ ವಿದ್ವಾಂಸ, ಮನುಷ್ಯನ ಕೃತ್ಯಕ್ಕೆ ಮನುಷ್ಯನೇ ಹೊಣೆ ಎಂದು ವಾದಿಸಿದ. ಈ ದೊರೆಗಳು ಜನರ ರಕ್ತ ಸುರಿಸಿ ಅದು ದೇವರ ವಿಧಿ ಎನ್ನುತ್ತಾರಲ್ಲ ಎಂದು ಅವನು ಬಸ್ರಾದ ಹಸನ್‌ರನ್ನು ಕೇಳಿದಾಗ, ಅವರು ಸುಳ್ಳು ಹೇಳುತ್ತಾರೆ ಎಂಬ ಉತ್ತರ ಬಂತೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಈ ಹಸನ್ (642–728) ಸೂಫಿಗಳೂ ಪಂಡಿತರೂ ಸಮಾನವಾಗಿ ಗೌರವಿಸುವ ಮಹನೀಯರು. ದೇವರು ಒಳಿತನ್ನು ಆಜ್ಞಾಪಿಸಿ, ಕೆಡುಕನ್ನು ಬಲವಂತದಿಂದ ಮಾಡಿಸಲಾರ ಎಂಬ ವಾದದ ಪತ್ರವೊಂದು ಅವರು ಖಲೀಫ ಅಬ್ದುಲ್ ಮಲಿಕನಿಗೆ ಬರೆದದ್ದೆಂದು ಪ್ರಸಿದ್ಧವಾಗಿದೆ. ಮಅಬದ್ ಬಂಡಾಯವೊಂದರಲ್ಲಿ ಭಾಗಿಯಾಗಿ ಕೊಲ್ಲಲ್ಪಟ್ಟ. ಅವನ ದಾರಿಯಲ್ಲೇ ನಡೆದ ಡಮಾಸ್ಕಸ್ಸಿನ ಗೈಲಾನನಿಗೆ ಖಲೀಫ ಹಿಶಾಮನ ಕಾಲದಲ್ಲಿ ಮರಣದಂಡನೆಯಾಯಿತು. ಮನುಷ್ಯ ಸ್ವತಂತ್ರ ಎಂದವರು ತಮ್ಮ ಮಾತಿಗೆ ಪ್ರಾಣದ ಬೆಲೆ ತೆತ್ತರು.

ಮೂವರು ಅಣ್ಣತಮ್ಮಂದಿರ ಕಥೆ

ಮುಂದೆ ಈ ಚರ್ಚೆ ವ್ಯವಸ್ಥಿತವಾದ ಶಾಸ್ತ್ರವಾಗಿ ಬೆಳೆಯಿತು. ಜಹಮ್ ಬಿನ್ ಸಫ್ವಾನ್ ಒಂದು ತುದಿಗೆ ಹೋದ. ಗಾಳಿಗೆ ಎಲೆ ಅಲುಗಿದಂತೆ ಮನುಷ್ಯನ ಕೃತ್ಯವೂ ದೇವರಿಂದಲೇ ನಡೆಯುತ್ತದೆ, ಮಾಡಿದವನೆನ್ನುವುದು ಬರೀ ಮಾತಿಗೆ ಎಂಬುದು ಅವನ ವಾದ. ಬಲವಂತ ಎಂಬರ್ಥದ ‘ಜಬ್ರ್’ ಪದದಿಂದ ಈ ಪಂಥಕ್ಕೆ ಜಬ್ರಿಯಾ ಎಂದು ಹೆಸರು. ಇನ್ನೊಂದು ತುದಿಯಲ್ಲಿ ಮುತಜಿಲಾ ಪಂಥದವರಿದ್ದರು. ಹಸನ್‌ರ ಶಿಷ್ಯವೃಂದದಿಂದ ಬೇರೆಯಾದನೆನ್ನುವ ವಾಸಿಲ್ ಬಿನ್ ಅತಾ ಇದರ ಮೂಲಪುರುಷ. ದೇವರು ನ್ಯಾಯವಂತ, ನ್ಯಾಯವಂತನಾದವನು ತಾನೇ ಮಾಡಿಸಿದ ತಪ್ಪಿಗೆ ಇನ್ನೊಬ್ಬನನ್ನು ಶಿಕ್ಷಿಸಲಾರ, ಆದ್ದರಿಂದ ಮನುಷ್ಯ ತನ್ನ ಕೃತ್ಯವನ್ನು ತಾನೇ ಮಾಡುತ್ತಾನೆ. ಇದು ಅವರ ತರ್ಕದ ಸರಪಣಿ.

ಮುತಜಿಲಾದವರ ನಡುವೆಯೇ ಬೆಳೆದ ಬಸ್ರಾದ ಅಬುಲ್ ಹಸನ್ ಅಶ್‌ಅರಿ (ಸು. 874–936) ನಲವತ್ತರ ವಯಸ್ಸಿನಲ್ಲಿ ಅವರನ್ನು ತೊರೆದರು. ತೊರೆದ ಕಾರಣ ಹೇಳುವ ಕಥೆ ಸ್ವಾರಸ್ಯವಾಗಿದೆ. ಮೂವರು ಅಣ್ಣತಮ್ಮಂದಿರು. ಒಬ್ಬ ಒಳ್ಳೆಯವನಾಗಿ ಬಾಳಿ ಸ್ವರ್ಗಕ್ಕೆ ಹೋದ, ಒಬ್ಬ ಕೆಟ್ಟವನಾಗಿ ನರಕಕ್ಕೆ ಹೋದ, ಮೂರನೆಯವನು ಮಗುವಾಗಿರುವಾಗಲೇ ಸತ್ತ. ನನ್ನನ್ನೂ ಬದುಕಿಸಿದ್ದರೆ ಪುಣ್ಯ ಮಾಡಿ ಮೇಲಿನ ಪದವಿಗೆ ಹೋಗುತ್ತಿದ್ದೆನಲ್ಲ ಎಂದು ಮಗು ದೇವರನ್ನು ಕೇಳಿದರೆ? ನೀನು ದೊಡ್ಡವನಾಗಿ ಕೆಡುತ್ತಿದ್ದೆ, ಅದಕ್ಕೇ ಬೇಗ ಕರೆಸಿಕೊಂಡೆ ಎನ್ನಬಹುದು ಎಂದರು ಗುರುಗಳು. ಹಾಗಾದರೆ ನರಕದಲ್ಲಿರುವವನು, ನನ್ನನ್ನೂ ಚಿಕ್ಕಂದಿನಲ್ಲೇ ಕರೆಸಿಕೊಳ್ಳಲಿಲ್ಲವೇಕೆ ಎಂದು ಕೇಳಿದರೆ ಏನು ಹೇಳುವುದು ಎಂದರು ಶಿಷ್ಯರು. ಗುರುಗಳು ನಿರುತ್ತರರಾದರು. ಮನುಷ್ಯನ ನ್ಯಾಯದ ಅಳತೆಗೋಲಿನಿಂದ ದೇವರನ್ನು ಅಳೆಯಲಾಗದು ಎಂಬುದು ಕಥೆಯ ತಿರುಳು.

ಆದರೆ ಅಶ್‌ಅರಿಯವರು ಜಹಮನ ತುದಿಗೂ ಹೋಗಲಿಲ್ಲ. ಮಧ್ಯದ ದಾರಿಗಾಗಿ ಅವರು ಹಿಡಿದದ್ದೇ ‘ಕಸ್ಬ್’ ಎಂಬ ಪದ. ಪ್ರತಿ ಕೃತ್ಯವನ್ನೂ ಸೃಷ್ಟಿಸುವವನು ದೇವರು, ಆದರೆ ಅದನ್ನು ಗಳಿಸಿಕೊಳ್ಳುವವನು ಮನುಷ್ಯ. ಗಳಿಸಿಕೊಂಡದ್ದರಿಂದ ಹೊಣೆಯೂ ಅವನದೇ. ಮೈ ನಡುಕದ ರೋಗಿಯ ಕೈ ಅಲುಗುವುದಕ್ಕೂ, ಬರೆಯಲೆಂದು ಎತ್ತಿದ ಕೈ ಅಲುಗುವುದಕ್ಕೂ ವ್ಯತ್ಯಾಸವಿದೆ ಎಂಬುದು ನಮ್ಮೆಲ್ಲರ ಅನುಭವ. ಆ ವ್ಯತ್ಯಾಸವೇ ಕಸ್ಬ್. ಈ ಸಿದ್ಧಾಂತ ಎಷ್ಟು ಸೂಕ್ಷ್ಮವೆಂದರೆ, ತಿಳಿಯಲಾಗದ ಮಾತಿಗೆ ಅಶ್‌ಅರಿಯ ಕಸ್ಬ್‌ಗಿಂತಲೂ ಸೂಕ್ಷ್ಮ ಎನ್ನುವುದು ಅರಬ್ಬಿ ಪಂಡಿತರಲ್ಲಿ ಗಾದೆಯಾಯಿತು.

ಸಮರಕಂದದ ಮಾತುರೀದಿ (ನಿಧನ 944) ಇದನ್ನು ಇನ್ನಷ್ಟು ಸರಳಗೊಳಿಸಿದರು. ಶಕ್ತಿ ದೇವರದು, ಆಯ್ಕೆ ಮನುಷ್ಯನದು, ಆ ಆಯ್ಕೆ ನಿಜವಾದದ್ದು ಎಂದರು. ಕರ್ನಾಟಕದ ಬಯಲುಸೀಮೆಯ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಸಂಪ್ರದಾಯ ಮಾತುರೀದಿಯವರ ಈ ನಿಲುವಿನೊಂದಿಗೆ ಬೆಸೆದುಕೊಂಡಿದೆ. ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಮುಂತಾದ ಕರಾವಳಿಯ ಶಾಫಿ ಸಂಪ್ರದಾಯದವರಿಗೆ ಅಶ್‌ಅರಿಯವರು ಹತ್ತಿರ. ಶಿಯಾ ಪಂಥದವರು ದೇವರ ನ್ಯಾಯವನ್ನು ಧರ್ಮದ ಐದು ಮೂಲತತ್ತ್ವಗಳಲ್ಲಿ ಒಂದೆಂದು ಎಣಿಸಿದರು. ಬಲವಂತವೂ ಇಲ್ಲ, ಪೂರ್ಣ ಸ್ವಾತಂತ್ರ್ಯವೂ ಇಲ್ಲ, ಎರಡರ ನಡುವಿನದು ಎಂಬ ಸೂತ್ರ ಅವರ ಆರನೆಯ ಇಮಾಮ್ ಜಾಫರ್ ಸಾದಿಕರ ಹೆಸರಿನಲ್ಲಿದೆ. ಇದನ್ನೇ ಜನರಿಗೆ ತಿಳಿಯುವಂತೆ ಹೇಳುವ ಒಂದು ಕಥೆ ಹಜರತ್ ಅಲಿಯವರ ಹೆಸರಿನಲ್ಲಿ ಪ್ರಚಲಿತವಿದೆ. ಮನುಷ್ಯ ಎಷ್ಟು ಸ್ವತಂತ್ರ ಎಂದು ಕೇಳಿದವನಿಗೆ ಒಂದು ಕಾಲೆತ್ತು ಎಂದರಂತೆ. ಎತ್ತಿದ. ಈಗ ಇನ್ನೊಂದನ್ನೂ ಎತ್ತು ಎಂದರಂತೆ.

ದೋಆಬಿನ ನೆಲದಲ್ಲಿ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿಗೆ, ಅದರೊಳಗಿನ ಈ ನಾಲ್ಕು ತಾಲ್ಲೂಕುಗಳ ಸೀಮೆಗೆ, ಈ ಚಿಂತನೆ ಬಂದದ್ದು ಕಲಬುರ್ಗಿ ಮತ್ತು ಬಿಜಾಪುರಗಳ ಮೂಲಕ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೂ ವಿಜಯನಗರಕ್ಕೂ ಈ ನೆಲಕ್ಕಾಗಿ ಮೇಲಿಂದ ಮೇಲೆ ಯುದ್ಧಗಳಾದವು. ಬಹಮನಿ ಸುಲ್ತಾನರಲ್ಲಿ ಫಿರೋಜ್ ಷಾ (1397–1422) ತರ್ಕ, ಖಗೋಳಗಳಲ್ಲಿ ಆಸಕ್ತನಾಗಿದ್ದವನು. ಅವನ ಕಾಲದಲ್ಲೇ ದೆಹಲಿಯಿಂದ ಹೊರಟ ಸೂಫಿ ಸಂತ ಬಂದೇನವಾಜ್ ಗೇಸುದರಾಜರು ಕಲಬುರ್ಗಿಯಲ್ಲಿ ನೆಲೆಸಿದರು. ಇಬ್ಬರ ನಡುವಿನ ಒಂದು ಪ್ರಸಂಗವನ್ನು, ಎರಡು ಶತಮಾನಗಳ ನಂತರ ಬಿಜಾಪುರದಲ್ಲಿ ಕುಳಿತು ದಖನಿನ ಇತಿಹಾಸ ಬರೆದ ಫೆರಿಷ್ತಾ ಹೇಳುತ್ತಾನೆ. ತನ್ನ ನಂತರ ಮಗ ಹಸನನು ಪಟ್ಟಕ್ಕೆ ಬರಲೆಂದು ಸುಲ್ತಾನ ಸಂತರ ಆಶೀರ್ವಾದ ಕೇಳಿದ. ಪಟ್ಟ ದೈವದಿಂದ ನಿಮ್ಮ ತಮ್ಮ ಅಹ್ಮದನಿಗೆ ನಿಶ್ಚಯವಾಗಿದೆ, ಬೇರೆಯವನನ್ನು ಆರಿಸುವುದು ವ್ಯರ್ಥ ಎಂದು ಸಂತರು ನಿರಾಕರಿಸಿದರು. 1422ರಲ್ಲಿ ಅಹ್ಮದನೇ ಸುಲ್ತಾನನಾದ.

ಇಲ್ಲಿ ವಿಧಿಯ ಮಾತು ಕೂಫಾದ ಅರಮನೆಯಲ್ಲಿ ಕೇಳಿದ್ದಕ್ಕೆ ತಿರುವುಮುರುವಾಗಿದೆ ಎಂಬುದನ್ನು ಗಮನಿಸಬೇಕು. ಅಲ್ಲಿ ಅಧಿಕಾರದಲ್ಲಿದ್ದವನು ವಿಧಿಯನ್ನು ಗುರಾಣಿ ಮಾಡಿಕೊಂಡಿದ್ದ. ಇಲ್ಲಿ ಸಂತರು ಅದೇ ಮಾತನ್ನು ಅಧಿಕಾರದಲ್ಲಿದ್ದವನ ಆಸೆಗೆ ಅಡ್ಡ ಹಿಡಿದರು. ಆದರೆ ಅಹ್ಮದನೂ ಸುಮ್ಮನೆ ಕೂತು ಪಟ್ಟ ಪಡೆಯಲಿಲ್ಲ; ರಾಜಧಾನಿ ಬಿಟ್ಟು ಹೋಗಿ, ದಂಡು ಕೂಡಿಸಿ, ಎದುರುಬಿದ್ದು ಗೆದ್ದ. ನಸೀಬು ತೆರೆದ ಬಾಗಿಲನ್ನು ಅವನೂ ನಡೆದೇ ದಾಟಬೇಕಾಯಿತು.

ಬಹಮನಿಗಳ ನಂತರ ಬಂದ ಬಿಜಾಪುರದ ಆದಿಲ್‌ಶಾಹಿಗಳಲ್ಲಿ ಯೂಸುಫ್ 1502ರಲ್ಲಿ ಶಿಯಾ ಪಂಥವನ್ನು ರಾಜಧರ್ಮವೆಂದು ಸಾರಿದ. ಮೊದಲನೆಯ ಇಬ್ರಾಹಿಂ ಸುನ್ನಿ ಪದ್ಧತಿಗೆ ತಿರುಗಿದ, ಮೊದಲನೆಯ ಅಲಿ ಮತ್ತೆ ಶಿಯಾ ಪದ್ಧತಿಯನ್ನು ತಂದ, ಎರಡನೆಯ ಇಬ್ರಾಹಿಮನ ಕಾಲಕ್ಕೆ ಪುನಃ ಸುನ್ನಿಯಾಯಿತು. ಅರಮನೆಯ ಪಂಥ ಹೀಗೆ ಬದಲಾಗುತ್ತಿದ್ದರೂ ಮೊಹರಂ ಮಾತ್ರ ಜನರ ನಡುವೆ ಉಳಿದುಬಿಟ್ಟಿತು. 1565ರ ರಕ್ಕಸತಂಗಡಿ ಕದನದ ನಂತರ ವಿಜಯನಗರದ ಹಿಡಿತ ಕಳಚಿ ದೋಆಬು ಬಿಜಾಪುರದ ವಶವಾಯಿತು. ಕರ್ಬಲಾದ ಕಥೆ ಈ ಹಳ್ಳಿಗಳಲ್ಲಿ ಬೇರೂರಲು ಈ ಹಿನ್ನೆಲೆ ನೆರವಾಯಿತು. ಮುಂದೆ ನಿಜಾಮರ ಆಳ್ವಿಕೆಯಲ್ಲೂ ಅದು ಮುಂದುವರಿಯಿತು.

ಕತ್ತಲ ರಾತ್ರಿ

ಈ ಸೀಮೆಯಲ್ಲಿ ಮೊಹರಂ ಎಂದರೆ ಅಲಾಯಿ ಹಬ್ಬ. ಗುದ್ದಲಿ ಹಾಕಿ ಅಲಾಯಿ ಕುಣಿ ತೋಡುವುದು, ಪಂಜಾಗಳನ್ನು ಕೂಡಿಸುವುದು, ಸಕ್ಕರೆ ಓದಿಸುವುದು, ಹರಕೆ ಹೊತ್ತು ಫಕೀರರಾಗುವುದು, ಹೆಜ್ಜೆ ಹಾಕಿ ಕುಣಿಯುವುದು, ಇವೆಲ್ಲ ಜಾತಿ ಮತ ಮೀರಿ ನಡೆಯುತ್ತವೆ. ಮುಸ್ಲಿಮರ ಮನೆಗಳಿಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರನ್ನು ಕೂಡಿಸುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ಕೈಯ ಆಕಾರದ ಪಂಜಾದ ಐದು ಬೆರಳುಗಳು ಪ್ರವಾದಿ ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನರ ಸಂಕೇತವೆಂದು ಹೇಳುತ್ತಾರೆ. ಧರ್ಮಪಂಡಿತರಲ್ಲಿ ಅನೇಕರು ಈ ಆಚರಣೆಗಳನ್ನು ಒಪ್ಪುವುದಿಲ್ಲ. ಆದರೂ ರಿವಾಯತ್ ಪದಗಳಲ್ಲಿ ಕರ್ಬಲಾದ ಕಥೆ ಅಚ್ಚಕನ್ನಡದಲ್ಲಿ ಹಾಡಿಸಿಕೊಳ್ಳುತ್ತ ಬಂದಿದೆ.

ಹಬ್ಬದ ಮುಖ್ಯ ರಾತ್ರಿಗೆ ಇಲ್ಲಿನ ಹೆಸರು ಕತ್ತಲ ರಾತ್ರಿ. ಕೊಲೆ ಎಂಬರ್ಥದ ಅರಬ್ಬಿಯ ‘ಕತ್ಲ್’ ಕನ್ನಡಿಗರ ಬಾಯಲ್ಲಿ ಕತ್ತಲೆಯೊಂದಿಗೆ ಬೆರೆತುಹೋಗಿದೆ. ಪದ ಬದಲಾದರೂ ನೆನಪು ಬದಲಾಗಲಿಲ್ಲ. ಆ ರಾತ್ರಿ ಹುಸೇನರು ತಮ್ಮ ಸಂಗಡಿಗರನ್ನು ಕರೆದು, ಶತ್ರುಗಳಿಗೆ ಬೇಕಾದವನು ನಾನೊಬ್ಬನೇ, ಕತ್ತಲೆಯ ಮರೆಯಲ್ಲಿ ನೀವು ಹೊರಟುಹೋಗಿ ಎಂದರೆಂದು ಇತಿಹಾಸಕಾರರು ಬರೆದಿದ್ದಾರೆ. ಸಂಗಡಿಗರು ಹೋಗಲಿಲ್ಲ. ಹುಸೇನರಿಗೆ ತಮ್ಮ ಮರಣದ ಅರಿವು ಮೊದಲೇ ಇತ್ತೆಂದು ಭಕ್ತರು ನಂಬುತ್ತಾರೆ. ಆದರೆ ಮುಂದಾಗುವುದು ತಿಳಿದಿರುವುದು ಬೇರೆ, ಅದನ್ನು ಬಲವಂತದಿಂದ ಮಾಡಿಸುವುದು ಬೇರೆ. ಪಂಚಾಂಗದವರು ಗ್ರಹಣವನ್ನು ಮೊದಲೇ ಹೇಳಿದ್ದರಿಂದ ಗ್ರಹಣ ಹಿಡಿಯುವುದಿಲ್ಲವಷ್ಟೆ. ಹೋಗಬಹುದಾಗಿದ್ದವರು ಉಳಿದದ್ದು, ಕೊಲ್ಲದಿರಬಹುದಾಗಿದ್ದವರು ಕೊಂದದ್ದು, ಎರಡೂ ಆಯ್ಕೆಗಳೇ. ಎಲ್ಲವೂ ದೇವರಾಟ ಎಂದಷ್ಟೇ ಹೇಳಿ ಮುಗಿಸುವುದಾದರೆ ಹುಸೇನರನ್ನು ಹೊಗಳುವುದಕ್ಕೂ ಯಜೀದನನ್ನು ತೆಗಳುವುದಕ್ಕೂ ಅರ್ಥವೇ ಉಳಿಯದು. ಸಿದ್ಧಾಂತದ ಹೆಸರು ಕೇಳದ ಹಳ್ಳಿಗರೂ ವರ್ಷ ವರ್ಷ ಇವರನ್ನು ಹೊಗಳುತ್ತ, ಅವರನ್ನು ತೆಗಳುತ್ತ ಬಂದಿದ್ದಾರೆ.

ತದಬೀರು

ಉರ್ದುವಿನಲ್ಲಿ ತಕದೀರು ಮತ್ತು ತದಬೀರು ಎಂಬ ಜೋಡಿ ಪದಗಳಿವೆ. ದೇವರು ಅಳೆದಿಟ್ಟದ್ದು ತಕದೀರು, ಮನುಷ್ಯ ಹೂಡುವ ಉಪಾಯ ತದಬೀರು. ಕೊಪ್ಪಳದ ಕೋಟೆ ತದಬೀರಿನ ಕಣ್ಣೆದುರಿನ ಸಾಕ್ಷಿ. 1786ರಲ್ಲಿ ಪಾಳೆಯಗಾರನಿಂದ ಇದನ್ನು ಪಡೆದ ಟಿಪ್ಪು ಸುಲ್ತಾನ ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಮತ್ತೆ ಕಟ್ಟಿಸಿದ. 1790ರಲ್ಲಿ ಮುತ್ತಿಗೆ ಹಾಕಿದ ನಿಜಾಮ ಮತ್ತು ಇಂಗ್ಲಿಷರ ಸೈನ್ಯಕ್ಕೆ 1791ರ ಏಪ್ರಿಲ್‌ವರೆಗೂ ಇದು ಕೈಸೇರಲಿಲ್ಲ. ಇದೇ ಟಿಪ್ಪು ತನಗೆ ಬಿದ್ದ 37 ಕನಸುಗಳನ್ನು ಪಾರಸಿಯಲ್ಲಿ ತನ್ನ ಕೈಯಾರೆ ಬರೆದಿಟ್ಟಿದ್ದ. ಅವುಗಳಲ್ಲಿ ಮುಂದಿನದರ ಸೂಚನೆ ಹುಡುಕುತ್ತಿದ್ದ. 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದ ದಿನ, ಜೋಯಿಸರು ಗಳಿಗೆ ಚೆನ್ನಾಗಿಲ್ಲವೆಂದಾಗ ದಾನಧರ್ಮ ಮಾಡಿದ. ಆಮೇಲೆ ಕೋಟೆಯ ಗೋಡೆಯತ್ತ ನಡೆದು, ಕಾದಾಡುತ್ತಲೇ ಸತ್ತ. ಶಕುನ ಕೇಳಿದವನು ಕತ್ತಿ ಕೆಳಗಿಡಲಿಲ್ಲ.

1929ರ ಜನವರಿಯಲ್ಲಿ ಕವಿ ಇಕ್ಬಾಲರು ಮದ್ರಾಸು, ಬೆಂಗಳೂರು, ಮೈಸೂರುಗಳಿಗೆ ಬಂದು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿಯನ್ನು ದರ್ಶಿಸಿ, ಹೈದರಾಬಾದಿನಲ್ಲಿಯೂ ಉಪನ್ಯಾಸ ಮಾಡಿದರು. ಕೊಪ್ಪಳ ಆಗ ಹೈದರಾಬಾದ್ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. 1930ರಲ್ಲಿ ಪುಸ್ತಕವಾಗಿ ಬಂದ ಅವರ ಉಪನ್ಯಾಸಗಳಲ್ಲಿ ಈ ವಿಷಯದ ನೇರ ವಿಮರ್ಶೆಯಿದೆ. ಮುಸ್ಲಿಂ ಜಗತ್ತಿನಲ್ಲಿ ಕೀಳು ಬಗೆಯ ವಿಧಿವಾದ ಹರಡಲು ಕರ್ಬಲಾದ ಕುಕೃತ್ಯವನ್ನು ಮುಚ್ಚಿಕೊಳ್ಳಬೇಕಿದ್ದ ಉಮಯ್ಯಾ ದೊರೆಗಳ ಸ್ವಾರ್ಥವೂ ಒಂದು ಕಾರಣ ಎಂದು ಅವರು ಸ್ಪಷ್ಟವಾಗಿ ಹೇಳಿದರು. ತಕದೀರು ಎಂದರೆ ಹೊರಗಿನಿಂದ ಹೇರಿದ ಬೇಡಿಯಲ್ಲ, ಒಂದೊಂದು ವಸ್ತುವಿನ ಒಳಗೆ ಅಡಗಿರುವ, ಅರಳಬಲ್ಲ ಶಕ್ತಿ ಎಂಬುದು ಅವರ ವಿವರಣೆ.

ಬಂದದ್ದು, ಮಾಡಿದ್ದು

ಇಷ್ಟೆಲ್ಲ ವಾದವಿವಾದಗಳ ನಂತರ ಇಸ್ಲಾಮಿನ ಮುಖ್ಯ ಪರಂಪರೆಗಳು ಬಂದು ನಿಂತ ನೆಲೆ ಸರಳವಾಗಿಯೇ ಇದೆ. ಕೈಮೀರಿ ಆಗಿಹೋದ ದುಃಖಕ್ಕೆ ತಕದೀರು ಸಮಾಧಾನ. ಮಾಡಲಿರುವ ಕೆಲಸಕ್ಕೆ, ಮಾಡಿದ ತಪ್ಪಿಗೆ ಅದು ನೆಪವಾಗಕೂಡದು. ಕಳ್ಳನೊಬ್ಬ ದೇವರ ವಿಧಿಯಿಂದ ಕದ್ದೆ ಎಂದಾಗ, ಕದ್ದದ್ದಕ್ಕೊಂದು ಶಿಕ್ಷೆ, ದೇವರ ಮೇಲೆ ಸುಳ್ಳು ಹೊರಿಸಿದ್ದಕ್ಕೆ ಇನ್ನೊಂದು ಎಂದು ಉಮರರು ವಿಧಿಸಿದರೆಂಬ ಕಥೆ ಇದನ್ನೇ ಹೇಳುತ್ತದೆ.

ಈ ನಾಲ್ಕು ತಾಲ್ಲೂಕುಗಳ ಜನರಿಗೆ ಈ ಭೇದ ಬದುಕಿನ ಪ್ರಶ್ನೆಯೂ ಹೌದು. ಒಂದು ಕಾಲಕ್ಕೆ ಎಲ್ಲರೂ ಮುಗಿಲು ನೋಡಿ ಬಿತ್ತಿದವರೇ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿತು. ಮುನಿರಾಬಾದಿನಲ್ಲಿ ಹುಟ್ಟುವ ಎಡದಂಡೆ ಕಾಲುವೆ ಹಾಯ್ದ ಗಂಗಾವತಿ ಭತ್ತದ ಕಣಜವಾಯಿತು. ಕಾಲುವೆ ಏರದ ಕುಷ್ಟಗಿ, ಯಲಬುರ್ಗಾದ ಎತ್ತರದ ಹೊಲಗಳು ಮಳೆಯನ್ನೇ ನಂಬಿಕೊಂಡು ಉಳಿದವು. ಮಳೆ ಎಷ್ಟು ಬೀಳುತ್ತದೆಂಬುದು ನಸೀಬು ಇರಬಹುದು. ಬಿದ್ದ ನೀರು ಯಾರ ಹೊಲಕ್ಕೆ ಹರಿಯಬೇಕೆಂಬುದು ಮನುಷ್ಯರು ಮಾಡಿದ ತೀರ್ಮಾನ. 2024ರ ಆಗಸ್ಟ್ 10ರ ರಾತ್ರಿ ಅದೇ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಣಿ ತುಂಡಾಗಿ ಕೊಚ್ಚಿಹೋದಾಗ ರೈತರು ದೇವರಿಗೆ ಕೈಮುಗಿದರು. ಅದರ ಜೊತೆಗೇ, ಗೇಟಿನ ನಿರ್ವಹಣೆ ಯಾರ ಹೊಣೆಯಾಗಿತ್ತೆಂದೂ ಕೇಳಿದರು. ವಾರದೊಳಗೆ ತಂತ್ರಜ್ಞರು ಮತ್ತು ಕೆಲಸಗಾರರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಉಳಿದ ನೀರನ್ನು ಕಾಪಾಡಿದರು. ಪ್ರಾರ್ಥನೆ, ಪ್ರಶ್ನೆ, ಕೆಲಸ, ಈ ಮೂರರಲ್ಲಿ ಯಾವುದೂ ಇನ್ನೊಂದನ್ನು ತಡೆಯಲಿಲ್ಲ.

ಹದಿಮೂರು ಶತಮಾನಗಳ ಹಿಂದೆ ಕೂಫಾದಲ್ಲಿ ಸೆರೆಯಾಳಾಗಿದ್ದ ಯುವಕ ಹೇಳಿದ್ದೂ ಇದೇ ಬಗೆಯ ಮಾತು. ದೇವರ ಲೆಕ್ಕ ದೇವರಿಗೆ, ಮನುಷ್ಯನ ಲೆಕ್ಕ ಮನುಷ್ಯನಿಗೆ. ಮಗಳನ್ನು ಹದಿನೈದಕ್ಕೇ ಮದುವೆ ಮಾಡಿ ಅವಳ ನಸೀಬು ಎನ್ನುವಾಗ, ಕೆಟ್ಟ ರಸ್ತೆಯಲ್ಲಿ ಹೋದ ಜೀವವನ್ನು ಹಣೆಬರಹ ಎನ್ನುವಾಗ, ನಾವು ಕಸುಬಿನ ಖಾತೆಯಲ್ಲಿ ಬರೆಯಬೇಕಾದದ್ದನ್ನು ನಸೀಬಿನ ಖಾತೆಗೆ ವರ್ಗ ಮಾಡುತ್ತಿರುತ್ತೇವೆ. ಈ ಸೀಮೆಯ ಮಾತು ಎರಡು ಖಾತೆಗಳನ್ನೂ ಬೇರೆ ಬೇರೆಯಾಗಿಯೇ ಉಳಿಸಿಕೊಂಡಿದೆ. ಯಾವುದನ್ನು ಯಾವುದರಲ್ಲಿ ಬರೆಯಬೇಕೆಂಬುದು ಬರೆಯುವವರಿಗೆ ಬಿಟ್ಟದ್ದು.